ರೋಮಕೂಪದ ಕಾಂಡಕೋಶ ಯಾವ್ಯಾವ ಚರ್ಮಕೋಶ ಆಗಬಲ್ಲದು?

ಕೂದಲು ಹುಟ್ಟುವ ರೋಮಕೂಪದ ಕಾಂಡಕೋಶ, ಅಂದರೆ ವಿಭಜಿಸಿ ಬೇರೆ ಬಗೆಯ ಕೋಶಗಳನ್ನು ಹುಟ್ಟಿಸಬಲ್ಲ ಸ್ಟೆಮ್ ಸೆಲ್‌ನಿಂದ ಚರ್ಮದ ಎಲ್ಲ ಬಗೆಯ ಕೋಶಗಳೂ ಹುಟ್ಟುತ್ತವೆಯೇ ಎಂದು ಕೇಳಿದ್ದೀರಿ. ಎಲ್ಲವೂ ಇಲ್ಲ. ಕೂದಲು, ಅದರ ಸುತ್ತಲಿನ ಒರೆ, ತೈಲಗ್ರಂಥಿ, ಗಾಯವಾದಾಗ ಹೊರಚರ್ಮ, ಇಷ್ಟು ಖಚಿತ. ಬಣ್ಣ ಕೊಡುವ ಮೆಲನೊಸೈಟ್‌ಗಳಿಗೆ ಅಲ್ಲೇ ಪಕ್ಕದಲ್ಲಿ ಬೇರೆ ಕಾಂಡಕೋಶಗಳಿವೆ, ಅವು ಭ್ರೂಣದ ನರನಾಳದ ಅಂಚಿನಲ್ಲಿ ಹುಟ್ಟುವ ನ್ಯೂರಲ್ ಕ್ರೆಸ್ಟ್ ಎಂಬ ಕೋಶಗುಂಪಿನ ಮೂಲದವು. ಒಳಚರ್ಮದಲ್ಲಿ ನಾರುಪದಾರ್ಥ ತಯಾರಿಸುವ ಫೈಬ್ರೊಬ್ಲಾಸ್ಟ್‌ಗಳೂ ಈ ವಂಶದವಲ್ಲ.

ಇನ್ನೊಂದು ತಪ್ಪು ಕಲ್ಪನೆ, ಈ ಕೋಶಗಳು ಕೂದಲ ತಳದ ಗಡ್ಡೆಯಲ್ಲಿವೆ ಎಂಬುದು. ಅಲ್ಲಿಲ್ಲ. ತೈಲಗ್ರಂಥಿಯ ಕೆಳಗೆ, ಮೈ ಜುಮ್ಮೆಂದಾಗ ಕೂದಲನ್ನು ನಿಮಿರಿಸುವ ಸ್ನಾಯು ಅಂಟಿಕೊಂಡಿರುವ ‘ಬಲ್ಜ್’ ಎಂಬ ಉಬ್ಬಿನಲ್ಲಿವೆ. 1990ರಲ್ಲಿ ಕೊಟ್ಸರೆಲಿಸ್, ಸನ್ ಮತ್ತು ಲಾವ್ಕರ್ ಎಂಬ ಸಂಶೋಧಕರು ಇಲಿಗಳಲ್ಲಿ ಇದನ್ನು ತೋರಿಸಿದರು. ಡಿಎನ್‌ಎಗೆ ಸೇರಿಸಿದ ಗುರುತು ವಾರಗಟ್ಟಲೆ ಉಳಿದದ್ದು ಬಹುಪಾಲು ಅಲ್ಲೇ. ವಿಭಜನೆಯಾದಂತೆಲ್ಲ ಗುರುತು ಮಾಸುತ್ತದೆ, ಅಂದರೆ ಆ ಕೋಶಗಳು ಅಪರೂಪಕ್ಕೆ ವಿಭಜನೆಯಾಗುತ್ತವೆ.

ಬಿಎಂಪಿ ಎಂಬ ಪ್ರೋಟೀನಿನ ಸಂಕೇತ ಜೋರಾಗಿರುವವರೆಗೆ ಅವು ವಿಭಜಿಸದೆ ಮಲಗಿರುತ್ತವೆ. ಕೆಳಗಿನ ಡರ್ಮಲ್ ಪ್ಯಾಪಿಲಾದಿಂದ (ರೋಮಕೂಪದ ತಳದಲ್ಲಿರುವ ಒಳಚರ್ಮದ ಕೋಶಗುಚ್ಛ) ಬಿಎಂಪಿ ತಡೆಯುವ ಅಣುಗಳೂ ಎಫ್‌ಜಿಎಫ್7, ಎಫ್‌ಜಿಎಫ್10 ಎಂಬ ಬೆಳವಣಿಗೆಯ ಪ್ರೋಟೀನುಗಳೂ ಬಂದು, ಕೋಶಗಳನ್ನು ಬೆಳೆಯಲು ಪ್ರಚೋದಿಸುವ ವಿಂಟ್ ಸಂಕೇತ ಏರಿದಾಗ ಮೊದಲು ಏಳುವುದು ಬಲ್ಜ್‌ನ ಕೆಳಗಿನ ಹೇರ್ ಜರ್ಮ್ ಎಂಬ ಕೋಶಗುಂಪು. ಬಲ್ಜ್ ಏಳುವುದು ಆಮೇಲೆ. ಕೆಳಗಿಳಿದ ಸಂತತಿ ಗಡ್ಡೆಯೊಳಗಿನ ಮ್ಯಾಟ್ರಿಕ್ಸ್‌ನಲ್ಲಿ ಭರದಿಂದ ವಿಭಜಿಸಿ ಪದರಗಳಾಗುತ್ತದೆ. ವಿಂಟ್ ಬಲವಾಗಿದ್ದು ಅದರ ಸಂದೇಶ ಒಯ್ಯುವ ಬೀಟಾ-ಕ್ಯಾಟೆನಿನ್, ಜೀನ್ ಚಾಲೂ ಮಾಡುವ ಲೆಫ್1 ಪ್ರೋಟೀನಿನ ಜೊತೆ ಸೇರಿದರೆ ಕೂದಲ ಎಳೆ. ಅಂಥದೇ ಇನ್ನೊಂದು ಪ್ರೋಟೀನ್ ಗಾಟಾ3 ಚುರುಕಾದಲ್ಲಿ ಒಳ ಒರೆ. ಲೆಫ್1ನಲ್ಲಿ ಬೀಟಾ-ಕ್ಯಾಟೆನಿನ್ ಹಿಡಿಯುವ ಭಾಗವನ್ನೇ ತೆಗೆದ ಇಲಿಗಳಲ್ಲಿ ಕೂದಲು ಉದುರಿ, ಆ ಜಾಗದಲ್ಲಿ ತೈಲಕೋಶ ಮತ್ತು ಹೊರಚರ್ಮದ ಕೋಶಗಳಿರುವ ಚೀಲದಂಥ ಸಿಸ್ಟ್‌ಗಳು ಬೆಳೆದವು. ನನ್ನ ಮಟ್ಟಿಗೆ ಇಡೀ ವಿಷಯ ಅರ್ಥವಾಗುವುದು ಈ ಒಂದು ಪ್ರಯೋಗದಲ್ಲಿ.

ಹೊರಚರ್ಮದ ದಿನನಿತ್ಯದ ನವೀಕರಣಕ್ಕೆ ಬಲ್ಜ್ ಬೇಕಿಲ್ಲ, ಅಲ್ಲಿಗೆ ಅದರದೇ ತಳಕೋಶಗಳಿವೆ. ಗಾಯವಾದರೆ ಮಾತ್ರ ಬಲ್ಜ್ ಕೋಶಗಳು ಮೇಲಕ್ಕೆ ಸರಿದು ಗಾಯ ಮುಚ್ಚುತ್ತವೆ, ಆದರೆ ಅವುಗಳಲ್ಲಿ ಹೆಚ್ಚಿನವು ಕೆಲವೇ ವಾರಗಳಲ್ಲಿ ಕಣ್ಮರೆ. ಹಾಗಾಗಿ ‘ಬಲ್ಜ್ ಕೋಶ ಕಸಿ ಮಾಡಿದೆವು, ಎಲ್ಲವೂ ಹುಟ್ಟಿತು’ ಎಂಬ ಫಲಿತಾಂಶವನ್ನು ಎಚ್ಚರದಿಂದ ಓದಿ. ಕೋಶವನ್ನು ಬಿಡಿಸಿ ಕಸಿ ಮಾಡುವುದೂ ಒಂದು ಗಾಯವೇ. ಇಲಿಯಲ್ಲಿ ಬಲ್ಜ್ ಗುರುತಿಸಲು ಬಳಸುವ ಕೋಶಮೇಲ್ಮೈ ಪ್ರೋಟೀನ್ ಸಿಡಿ34 ಮನುಷ್ಯರಲ್ಲಿ ಕೆಲಸಕ್ಕೆ ಬಾರದು, ಅಲ್ಲಿ ಸಿಡಿ200 ನೋಡಬೇಕು.

ಬೋಳುತನದಲ್ಲಿ ಈ ಕೋಶಗಳಿಗೆ ಏನಾಗುತ್ತದೆ ಎಂದೂ ಕೇಳಿದ್ದೀರಿ: ಗಂಡಸರ ಸಾಮಾನ್ಯ ಬೋಳುತನದಲ್ಲಿ ಕಾಂಡಕೋಶಗಳು ಉಳಿದಿರುತ್ತವೆ, ಅವುಗಳಿಂದ ಹುಟ್ಟಬೇಕಾದ ಮುಂದಿನ ಹಂತದ ಕೋಶಗಳು ಕಡಿಮೆಯಾಗಿರುತ್ತವೆ. ಕಲೆ ಉಳಿಸುವ ಬಗೆಯ ಅಲೊಪೀಸಿಯಾದಲ್ಲಿ (ಕೂದಲುದುರುವಿಕೆ) ಉರಿಯೂತ ಬಲ್ಜನ್ನೇ ನಾಶ ಮಾಡುತ್ತದೆ. ಅಲ್ಲಿ ಕೂದಲು ಮತ್ತೆ ಬರುವುದಿಲ್ಲ, ಆದ್ದರಿಂದ ಚಿಕಿತ್ಸೆ ತಡಮಾಡಬಾರದು.