ಸೋನಾರ್‌ಕ್ಯೂಬ್, ಸೆಮ್‌ಗ್ರೆಪ್, ಕೋಡ್‌ಕ್ಯೂಎಲ್, ಝ್ಯಾಪ್: ಸಣ್ಣ ತಂಡಕ್ಕೆ ಯಾವುದು ಒಳ್ಳೆಯದು?

ನಿಮ್ಮ ಪ್ರಶ್ನೆ ಓದಿ ಸಣ್ಣಗೆ ನಗು ಬಂತು, ಬೇಜಾರು ಮಾಡ್ಕೋಬೇಡಿ. ಹನ್ನೆರಡು ಜನರ ತಂಡ, ಹಿಂದೆ ಜಾವಾದ ಸ್ಪ್ರಿಂಗ್ ಬೂಟ್, ಮುಂದೆ ವೆಬ್ ಪುಟಗಳಿಗೆ ರಿಯಾಕ್ಟ್, ಕೋಡ್ ಎಲ್ಲ ಗಿಟ್‌ಹಬ್‌ನ ಪ್ರೈವೇಟ್ ರೆಪೊದಲ್ಲಿ (ಕೋಡ್ ಇಡುವ ಜಾಗ). ಕ್ಲೈಂಟ್ ಸೆಕ್ಯುರಿಟಿ ರಿಪೋರ್ಟ್ ಕೇಳಿದ್ದಾರೆ, ಮ್ಯಾನೇಜರ್ "ಈ ನಾಲ್ಕು ಸೆಕ್ಯುರಿಟಿ ಟೂಲ್‌ಗಳನ್ನೂ ಹೋಲಿಸಿ ಒಂದು ಆರಿಸಿ" ಅಂದಿದ್ದಾರೆ, ದುಡ್ಡು ಜಾಸ್ತಿ ಇಲ್ಲ. ಕೆಲವು ವರ್ಷಗಳ ಹಿಂದೆ ನನ್ನ ಕೈಗೂ ಇದೇ ಕೆಲಸ ಬಂದಿತ್ತು. ಮೂವತ್ತು ಸಾಲಿನ ಎಕ್ಸೆಲ್ ಶೀಟ್ ಮಾಡಿ, ಪ್ರತಿ ಟೂಲ್‌ಗೂ ಟಿಕ್ ಹಾಕಿ, ಅಂಕ ಕೂಡಿಸಿ ಕೊಟ್ಟಿದ್ದೆ. ಆ ಶೀಟ್‌ನಿಂದ ಯಾರಿಗೂ ಏನೂ ಉಪಯೋಗ ಆಗಲಿಲ್ಲ.

ಯಾಕೆ ಅಂದರೆ, ನೀವು ಪಟ್ಟಿ ಮಾಡಿದ ನಾಲ್ಕೂ ಒಂದೇ ಕೆಲಸದವಲ್ಲ. ಸೌಟು ಒಳ್ಳೆಯದೋ ಜರಡಿ ಒಳ್ಳೆಯದೋ ಅಂತ ಕೇಳಿದ ಹಾಗಾಯಿತು. ಸೋನಾರ್‌ಕ್ಯೂಬ್, ಸೆಮ್‌ಗ್ರೆಪ್, ಕೋಡ್‌ಕ್ಯೂಎಲ್ ಮೂರೂ ಕೋಡ್ ಓದುತ್ತವೆ, ಅದನ್ನು ಓಡಿಸುವುದಿಲ್ಲ. ಇದಕ್ಕೆ ಸ್ಯಾಸ್ಟ್ ಅನ್ನುತ್ತಾರೆ. ಝ್ಯಾಪ್ ನಿಮ್ಮ ಕೋಡನ್ನು ನೋಡುವುದೇ ಇಲ್ಲ. ಓಡುತ್ತಿರುವ ಆ್ಯಪ್‌ಗೆ ಹೊರಗಿನಿಂದ ರಿಕ್ವೆಸ್ಟ್ ಕಳಿಸಿ ಏನು ಉತ್ತರ ಬರುತ್ತದೆ ಅಂತ ನೋಡುತ್ತದೆ. ಅದು ಡ್ಯಾಸ್ಟ್. ನಿಮ್ಮ ಪಟ್ಟಿಯಲ್ಲಿ ಇಲ್ಲವೇ ಇಲ್ಲದ ಮೂರನೆಯದು ಇದೆ, ಎಸ್‌ಸಿಎ. ನೀವು ಬರೆಯದ, ಆದರೆ ನಿಮ್ಮ ಜಾರ್ ಫೈಲ್ (ಜಾವಾ ಆ್ಯಪ್‌ನ ಗಂಟು) ಒಳಗೆ ಕೂತಿರುವ ಲೈಬ್ರರಿಗಳನ್ನು ಅದು ತಪಾಸಣೆ ಮಾಡುತ್ತದೆ. ನನ್ನನ್ನು ಕೇಳಿದರೆ ಮೊದಲು ಅದನ್ನೇ ಹಾಕಿ.

ಕಾರಣ ಹೇಳ್ತೀನಿ. 2021ರ ಡಿಸೆಂಬರ್ ನೆನಪಿದೆಯಾ? ಲಾಗ್‌ಫೋರ್‌ಶೆಲ್, ಅಂದರೆ ಲಾಗ್ ಬರೆಯುವ ಜಾವಾ ಲೈಬ್ರರಿ ಲಾಗ್‌ಫೋರ್‌ಜೆಯಲ್ಲಿ ಸಿಕ್ಕ ತೂತು, ಸಿವಿಇ-2021-44228, ತೀವ್ರತೆ ಹತ್ತಕ್ಕೆ ಹತ್ತು. ನಾವು ಲೈಬ್ರರಿಯ 2.15.0 ಆವೃತ್ತಿಗೆ ಬಂದೆವು, ಅದು ಸಾಲದು ಅಂದರು. 2.16.0 ಹಾಕಿದೆವು, ಆಮೇಲೆ 2.17.0 ಬಂತು, ವರ್ಷ ಮುಗಿಯುವಷ್ಟರಲ್ಲಿ 2.17.1. ಆ ತಿಂಗಳು ನಮಗೆ ಅಪ್‌ಗ್ರೇಡ್ ಮಾಡುವುದು ಕಷ್ಟ ಅನ್ನಿಸಲಿಲ್ಲ. ಲಾಗ್‌ಫೋರ್‌ಜೆ ನಮ್ಮ ಯಾವ ಯಾವ ಸರ್ವಿಸ್‌ನಲ್ಲಿ ಇದೆ ಅಂತ ಹುಡುಕುವುದೇ ಕಷ್ಟವಾಗಿತ್ತು. ಅದನ್ನು ನಮ್ಮಲ್ಲಿ ಯಾರೂ ನೇರವಾಗಿ ಸೇರಿಸಿರಲಿಲ್ಲ, ಬೇರೆ ಲೈಬ್ರರಿಯ ಬಾಲ ಹಿಡಿದು ಬಂದಿತ್ತು. ಇನ್ನೊಂದು ತಮಾಷೆ ಕೇಳಿ. ಸ್ಪ್ರಿಂಗ್ ಬೂಟ್ ತಾನಾಗಿ ಬಳಸುವುದು ಲಾಗ್‌ಬ್ಯಾಕ್ ಅನ್ನುವ ಬೇರೆ ಲೈಬ್ರರಿ. ಅದರ ಜೊತೆ ಬರುವ ಲಾಗ್‌ಫೋರ್‌ಜೆ-ಎಪಿಐ ಜಾರ್‌ನಲ್ಲಿ ಆ ತೂತು ಇರಲಿಲ್ಲ, ಇದ್ದದ್ದು ಲಾಗ್‌ಫೋರ್‌ಜೆ-ಕೋರ್‌ನಲ್ಲಿ. ಆದರೂ ಬರೀ ಹೆಸರು ನೋಡಿ ಹುಡುಕಿದವರೆಲ್ಲ ಕೋರ್ ಇಲ್ಲದ ಸರ್ವಿಸ್‌ಗಳಿಗೂ ಕೆಂಪು ಗುರುತು ಹಾಕಿ ಎರಡು ದಿನ ಕಳೆದರು. ಎಸ್‌ಸಿಎ ಟೂಲ್ ಹೋಲಿಸುವಾಗ ನೋಡಬೇಕಾದದ್ದು ಇದನ್ನೇ: ಹೆಸರು ಮಾತ್ರ ಹೋಲಿಸುತ್ತದೋ, ಸರಿಯಾದ ಪ್ಯಾಕೇಜ್ ಮತ್ತು ಆವೃತ್ತಿ ಹಿಡಿಯುತ್ತದೋ?

ನಿಮಗೆ ಇಲ್ಲಿ ದುಡ್ಡು ಬೇಕಾಗಿಲ್ಲ. ಲೈಬ್ರರಿಗಳನ್ನು ನೋಡುವ ಗಿಟ್‌ಹಬ್‌ನ ಡಿಪೆಂಡಾಬಾಟ್ ಪ್ರೈವೇಟ್ ರೆಪೊಗೂ ಉಚಿತ, ಸೆಟ್ಟಿಂಗ್‌ನಲ್ಲಿ ಆನ್ ಮಾಡಿದರೆ ಮುಗಿಯಿತು. ಡಾಕರ್ ಇಮೇಜ್ (ಆ್ಯಪ್ ಮತ್ತು ಅದಕ್ಕೆ ಬೇಕಾದದ್ದೆಲ್ಲ ಸೇರಿದ ಪೊಟ್ಟಣ) ಇದ್ದರೆ ಅದನ್ನು ಸ್ಕ್ಯಾನ್ ಮಾಡುವ ಟ್ರಿವಿ ಸೇರಿಸಿ. ಸಾಫ್ಟ್‌ವೇರ್ ಸೆಕ್ಯುರಿಟಿ ಸಂಸ್ಥೆ ಓವಾಸ್ಪ್‌ನ ಡಿಪೆಂಡೆನ್ಸಿ-ಚೆಕ್ ಕೂಡ ಇದೆ, ಆದರೆ ಅದರಲ್ಲಿ ಸುಳ್ಳು ಅಲರ್ಟ್ ಜಾಸ್ತಿ. ಎನ್‌ವಿಡಿ (ಅಮೆರಿಕದ ಸೆಕ್ಯುರಿಟಿ ದೋಷಗಳ ಡೇಟಾಬೇಸ್) ಕೀ ಇಲ್ಲದಿದ್ದರೆ ಮೊದಲ ಸಲ ಡೇಟಾ ಇಳಿಸಿಕೊಳ್ಳುವಷ್ಟರಲ್ಲಿ ಊಟ ಮುಗಿಸಿ ಬರಬಹುದು. ಗಿಟ್‌ಲೀಕ್ಸ್ ಅನ್ನೂ ಹಾಕಿಕೊಳ್ಳಿ, ಕೋಡ್‌ನಲ್ಲಿ ಬಿಟ್ಟ ಪಾಸ್‌ವರ್ಡ್, ಕೀ ಹಿಡಿಯುತ್ತದೆ. ಸಿಕ್ಕ ಕೀಯನ್ನು ಸುಮ್ನೆ ಡಿಲೀಟ್ ಮಾಡಿ ಕಮಿಟ್ (ಬದಲಾವಣೆಯನ್ನು ಗಿಟ್‌ನಲ್ಲಿ ಉಳಿಸುವುದು) ಮಾಡಬೇಡಿ, ಅದು ಗಿಟ್ ಹಿಸ್ಟರಿಯಲ್ಲಿ ಹಾಗೇ ಇರುತ್ತದೆ. ಕೀಯನ್ನೇ ಬದಲಾಯಿಸಿ.

ಈಗ ಸ್ಯಾಸ್ಟ್. ಈ ಮೂರರ ನಡುವೆ ನಿಜವಾದ ವ್ಯತ್ಯಾಸ ಒಂದು ವಿಷಯದಲ್ಲಿದೆ. ಬಳಕೆದಾರ ಕೊಟ್ಟ ಡೇಟಾ ಯಾವ ಫೈಲ್‌ನಲ್ಲಿ ಒಳಗೆ ಬಂತು, ಎಷ್ಟು ಫಂಕ್ಷನ್ ದಾಟಿತು, ಕೊನೆಗೆ ಎಸ್‌ಕ್ಯೂಎಲ್ ಕ್ವೆರಿಗೆ (ಡೇಟಾಬೇಸ್‌ಗೆ ಕೇಳುವ ಪ್ರಶ್ನೆ) ಹಾಗೇ ಹೋಗಿ ಬಿತ್ತಾ? ಕಾಲುವೆಯಲ್ಲಿ ನೀರು ಎಲ್ಲಿ ಬಿಟ್ಟರು, ಯಾರ ಗದ್ದೆಗೆ ಹೋಯಿತು ಅಂತ ಹಿಂದೆ ಹೋಗಿ ನೋಡಿದ ಹಾಗೆ. ಕೋಡ್‌ಕ್ಯೂಎಲ್ ಇದರಲ್ಲಿ ಗಟ್ಟಿ. ಕೋಡನ್ನೇ ಒಂದು ಡೇಟಾಬೇಸ್ ಮಾಡಿಕೊಂಡು ಅದರ ಮೇಲೆ ಕ್ವೆರಿ ಓಡಿಸುತ್ತದೆ. ಓಪನ್ ಸೋರ್ಸ್ ರೆಪೊಗೆ ಉಚಿತ, ನಿಮ್ಮಂಥ ಪ್ರೈವೇಟ್ ರೆಪೊಗೆ ದುಡ್ಡು ಕೊಡಬೇಕು. 2025ರ ಏಪ್ರಿಲ್‌ನಲ್ಲಿ ಗಿಟ್‌ಹಬ್ ಇದನ್ನು ಬೇರೆಯಾಗಿ ಮಾರಲು ಶುರು ಮಾಡಿದಾಗ ಇಟ್ಟ ಬೆಲೆ, ಕಮಿಟ್ ಮಾಡುವ ಒಬ್ಬೊಬ್ಬರಿಗೆ ತಿಂಗಳಿಗೆ 30 ಡಾಲರ್. ಹನ್ನೆರಡು ಜನಕ್ಕೆ 360 ಡಾಲರ್.

ಸೋನಾರ್‌ಕ್ಯೂಬ್‌ನ ಉಚಿತ ಆವೃತ್ತಿ ಕೋಡ್ ಗುಣಮಟ್ಟಕ್ಕೆ ಚೆನ್ನಾಗಿದೆ. ಆದರೆ ಹೀಗೆ ಡೇಟಾ ಹಿಂದೆ ಹೋಗಿ ಇಂಜೆಕ್ಷನ್ (ಬಳಕೆದಾರ ಕೊಟ್ಟ ಡೇಟಾ ಆದೇಶದ ಹಾಗೆ ಓಡಿಬಿಡುವ ದೋಷ) ಹಿಡಿಯುವ ಭಾಗ ಅದರಲ್ಲಿಲ್ಲ, ಪುಲ್ ರಿಕ್ವೆಸ್ಟ್ (ಹೊಸ ಕೋಡ್ ಸೇರಿಸಲು ಕಳಿಸುವ ಕೋರಿಕೆ) ತಪಾಸಣೆಯೂ ಇಲ್ಲ. ಎರಡೂ ದುಡ್ಡಿನ ಆವೃತ್ತಿಯಲ್ಲಿ. "ಸೋನಾರ್ ಹಸಿರು ಇದೆ, ನಾವು ಸೇಫ್" ಅನ್ನುವ ತಂಡಗಳನ್ನು ಬೇಕಾದಷ್ಟು ನೋಡಿದ್ದೀನಿ. ಸೆಮ್‌ಗ್ರೆಪ್‌ನ ಉಚಿತ ಆವೃತ್ತಿ ಒಂದು ಫೈಲ್ ಒಳಗೆ ಮಾತ್ರ ನೋಡುತ್ತದೆ, ಫೈಲ್‌ನಿಂದ ಫೈಲ್‌ಗೆ ಹೋಗುವುದಿಲ್ಲ. ಆದರೂ ನಾನು ನಿಮಗೆ ಹೇಳುವುದು ಸೆಮ್‌ಗ್ರೆಪ್ ಅನ್ನೇ. ಬೇಗ ಓಡುತ್ತದೆ, ಮುಖ್ಯವಾಗಿ ನಿಮ್ಮದೇ ರೂಲ್ ಅನ್ನು ಹತ್ತು ಸಾಲಿನಲ್ಲಿ ಬರೆಯಬಹುದು. ಅದು ಯಾಕೆ ಬೇಕು ಅನ್ನುವುದಕ್ಕೆ ಮುಂದೆ ಬರ್ತೀನಿ.

ಹೋಲಿಕೆ ಹೇಗೆ ಮಾಡಬೇಕು? ಅವರ ಡೆಮೊ ನೋಡಬೇಡಿ, ಬೇಕೆಂತಲೇ ತೂತು ಇಟ್ಟ ಅಭ್ಯಾಸದ ಆ್ಯಪ್‌ಗಳ ಮೇಲೂ ಓಡಿಸಬೇಡಿ. ಅಲ್ಲಿ ಎಲ್ಲ ಟೂಲ್‌ಗಳೂ ಫಸ್ಟ್ ಕ್ಲಾಸ್‌ನಲ್ಲಿ ಪಾಸಾಗುತ್ತವೆ. ನಿಮ್ಮ ಜಿರಾ (ಬಗ್‌ಗಳ ಪಟ್ಟಿ ಇಡುವ ಟೂಲ್) ತೆಗೆಯಿರಿ. ಕಳೆದ ಎರಡು ವರ್ಷದಲ್ಲಿ ನೀವೇ ಸರಿಪಡಿಸಿದ ಸೆಕ್ಯುರಿಟಿ ಬಗ್‌ಗಳನ್ನು ಹುಡುಕಿ, ಪ್ರತಿಯೊಂದಕ್ಕೂ ಸರಿಪಡಿಸುವ ಮೊದಲಿನ ಕಮಿಟ್ ಚೆಕ್‌ಔಟ್ ಮಾಡಿ (ಆಗಿನ ಕೋಡ್ ವಾಪಸ್ ತೆಗೆದು), ಅದರ ಮೇಲೆ ಟೂಲ್ ಓಡಿಸಿ. ಹಿಡಿಯಿತಾ, ಇಲ್ಲವಾ? ಜೊತೆಗೆ ಎಷ್ಟು ಸುಳ್ಳು ಅಲರ್ಟ್ ಕೊಟ್ಟಿತು?

ನಾವು ಎಕ್ಸೆಲ್ ಶೀಟ್ ಬಿಸಾಕಿ ಇದನ್ನೇ ಮಾಡಿದೆವು. ಒಂಬತ್ತು ಹಳೇ ಬಗ್ ಸಿಕ್ಕವು. ಅದರಲ್ಲಿ ನಾಲ್ಕನ್ನು ಯಾವ ಟೂಲೂ ಹಿಡಿಯಲಿಲ್ಲ. ನಾಲ್ಕೂ ಒಂದೇ ಜಾತಿಯವು. ಉದಾಹರಣೆಗೆ, ಲಾಗಿನ್ ಆದ ಗ್ರಾಹಕರೊಬ್ಬರು ಯುಆರ್‌ಎಲ್‌ನಲ್ಲಿ ಆರ್ಡರ್ ನಂಬರ್ 1041 ಇದ್ದದ್ದನ್ನು 1042 ಮಾಡಿದರೆ ಪಕ್ಕದವರ ಬಿಲ್, ವಿಳಾಸ, ಫೋನ್ ನಂಬರ್ ಎಲ್ಲ ಬರುತ್ತಿತ್ತು. ಕೋಡ್‌ನಲ್ಲಿ ತಪ್ಪು ಅನ್ನುವಂಥ ಸಾಲು ಒಂದೂ ಇಲ್ಲ. ಇರಬೇಕಾದ ಒಂದು ಸಾಲು ಇಲ್ಲ, ಅಷ್ಟೇ. ಆರ್ಡರ್ ಯಾರದ್ದು ಅಂತ ಟೂಲ್‌ಗೆ ಹೇಗೆ ಗೊತ್ತಾಗಬೇಕು? ಓವಾಸ್ಪ್‌ನ 2021ರ ಟಾಪ್ ಟೆನ್‌ನಲ್ಲಿ ಮೊದಲ ಸ್ಥಾನದಲ್ಲಿರುವುದು ಇದೇ ಜಾತಿ, ಅಕ್ಸೆಸ್ ಕಂಟ್ರೋಲ್ ತಪ್ಪುಗಳು. 2017ರಲ್ಲಿ ಐದನೆಯದಾಗಿತ್ತು.

ಸೆಮ್‌ಗ್ರೆಪ್ ರೂಲ್ ಕೆಲಸಕ್ಕೆ ಬಂದದ್ದು ಇಲ್ಲಿ. ಕಂಟ್ರೋಲರ್‌ನಲ್ಲಿ (ರಿಕ್ವೆಸ್ಟ್ ತಗೊಳ್ಳುವ ಕ್ಲಾಸ್) ಯುಆರ್‌ಎಲ್‌ಗೆ ಮೆಥಡ್ ಜೋಡಿಸುವ ಗೆಟ್‌ಮ್ಯಾಪಿಂಗ್ ಅಥವಾ ಪೋಸ್ಟ್‌ಮ್ಯಾಪಿಂಗ್ ಇದ್ದು, ಮೆಥಡ್ ಮೇಲಾಗಲಿ ಕ್ಲಾಸ್ ಮೇಲಾಗಲಿ ಪ್ರೀಆಥರೈಸ್ (ಯಾರಿಗೆ ಅನುಮತಿ ಅಂತ ಹೇಳುವ ಗುರುತು) ಇಲ್ಲದಿದ್ದರೆ ಪುಲ್ ರಿಕ್ವೆಸ್ಟ್‌ನಲ್ಲೇ ಕೇಳು ಅಂತ ಬರೆದೆವು. ಪ್ರೀಆಥರೈಸ್ ಒಳಗೆ ಬರೆದದ್ದು ಸರಿಯೋ ತಪ್ಪೋ ಅದಕ್ಕೆ ಗೊತ್ತಾಗಲ್ಲ. ಆದರೆ ಮರೆತದ್ದು ಗೊತ್ತಾಗುತ್ತದೆ, ನಮ್ಮ ಬಗ್‌ಗಳು ಹೆಚ್ಚಾಗಿ ಮರೆವಿನಿಂದಲೇ ಆದವು. ಇದರ ಜೊತೆ ಇಬ್ಬರು ಬಳಕೆದಾರರ ಟೆಸ್ಟ್ ಬರೆದೆವು. ಮೊದಲನೆಯವರ ಟೋಕನ್‌ನಲ್ಲಿ (ಲಾಗಿನ್ ಗುರುತು) ಎರಡನೆಯವರ ಆರ್ಡರ್ ಕೇಳಿ, 403 (ಅನುಮತಿ ಇಲ್ಲ) ಅಥವಾ 404 (ಸಿಗಲಿಲ್ಲ) ಬರದಿದ್ದರೆ ಬಿಲ್ಡ್ ಫೇಲ್. ಸಾಮಾನ್ಯ ಜೆಯುನಿಟ್ (ಜಾವಾದ ಟೆಸ್ಟ್ ಲೈಬ್ರರಿ) ಟೆಸ್ಟ್ ಅದು, ಯಾವ ಲೈಸೆನ್ಸೂ ಬೇಡ.

ಝ್ಯಾಪ್ ಬಗ್ಗೆ ಒಂದು ಎಚ್ಚರಿಕೆ. (2023ರಲ್ಲಿ ಓವಾಸ್ಪ್ ಬಿಟ್ಟರೂ ಈಗಲೂ ಎಲ್ಲರೂ ಓವಾಸ್ಪ್ ಝ್ಯಾಪ್ ಅಂತಲೇ ಕರೆಯುವುದು.) ಅದರ ಬೇಸ್‌ಲೈನ್ ಸ್ಕ್ಯಾನ್ ಒಂದು ನಿಮಿಷ ಲಿಂಕ್‌ಗಳ ಹಿಂದೆ ಓಡಾಡಿ, ಬಂದ ಉತ್ತರಗಳನ್ನು ನೋಡಿ ನಿಲ್ಲುತ್ತದೆ. ಲಾಗಿನ್ ಹೇಳಿಕೊಡದಿದ್ದರೆ ಅದು ನೋಡುವುದು ಲಾಗಿನ್ ಪೇಜ್ ಒಂದನ್ನೇ. ನಮ್ಮ ಮೊದಲ ರಿಪೋರ್ಟ್‌ನಲ್ಲಿ "ಹೈ" ಅನ್ನುವುದು ಸೊನ್ನೆ ಇತ್ತು, ಎಲ್ಲರೂ ಖುಷಿ. ಆಮೇಲೆ ನೋಡಿದರೆ ಮುಟ್ಟಿದ ಯುಆರ್‌ಎಲ್ ಹತ್ತೂ ಇರಲಿಲ್ಲ. ನಿಮ್ಮದು ರಿಯಾಕ್ಟ್ ಮುಂದೆ, ಅದಕ್ಕೆ ಡೇಟಾ ಕೊಡುವ ಎಪಿಐ ಹಿಂದೆ. ಆದ್ದರಿಂದ ಓಪನ್‌ಎಪಿಐ ಫೈಲ್ (ಎಪಿಐನ ಯುಆರ್‌ಎಲ್‌ಗಳ ವಿವರ) ಕೊಟ್ಟು ಎಪಿಐ ಸ್ಕ್ಯಾನ್ ಮಾಡಿಸಿ, ಟೋಕನ್ ಕೊಡಿ, ಲಾಗ್‌ಔಟ್ ಯುಆರ್‌ಎಲ್ ಹೊರಗಿಡಿ. ಇಲ್ಲದಿದ್ದರೆ ಅದು ತಾನೇ ಲಾಗ್‌ಔಟ್ ಆಗಿ ಮಿಕ್ಕಿದ್ದಕ್ಕೆಲ್ಲ 401 (ಲಾಗಿನ್ ಆಗಿಲ್ಲ) ತಗೊಂಡು "ಏನೂ ತೊಂದರೆ ಇಲ್ಲ" ಅನ್ನುತ್ತದೆ. ಆಕ್ಟಿವ್ ಸ್ಕ್ಯಾನ್ (ನಿಜವಾಗಿ ದಾಳಿ ಮಾಡಿ ನೋಡುವುದು) ಓಡಿಸುವ ಮೊದಲು ಸ್ಟೇಜಿಂಗ್‌ನಲ್ಲಿ (ಪರೀಕ್ಷೆಯ ಸರ್ವರ್) ಮೇಲ್ ಕಳಿಸುವುದನ್ನು ನಿಲ್ಲಿಸಿ. ನಾನು ಮರೆತಿದ್ದೆ. "ನಮ್ಮನ್ನು ಸಂಪರ್ಕಿಸಿ" ಫಾರ್ಮ್‌ನಿಂದ ಸಪೋರ್ಟ್ ತಂಡಕ್ಕೆ ರಾತ್ರಿ ನಾನೂರು ಚಿಲ್ಲರೆ ಮೇಲ್ ಹೋದವು, ಅರ್ಧಕ್ಕರ್ಧ ಸ್ಕ್ರಿಪ್ಟ್ ಟ್ಯಾಗ್. ಒಂದು ವಾರ ಅವರ ಜೊತೆ ಕಾಫಿಗೆ ಹೋಗಲು ಮುಖ ಇರಲಿಲ್ಲ.

ಬರ್ಪ್ ಅನ್ನುವ ವೆಬ್ ಸೆಕ್ಯುರಿಟಿ ಟೂಲ್ ಹೇಗೆ ಅಂತ ಕಾಮೆಂಟ್‌ನಲ್ಲಿ ಯಾರೋ ಕೇಳಿದ್ದಾರೆ. ಅದು ಕೈಯಲ್ಲಿ ಪರೀಕ್ಷೆ ಮಾಡುವವರಿಗೆ ಅದ್ಭುತ. ಪೈಪ್‌ಲೈನ್‌ಗೆ (ಬಿಲ್ಡ್, ಟೆಸ್ಟ್ ತಾನಾಗಿ ಓಡುವ ಸಾಲು) ಇಡಲು ಯೋಚಿಸುತ್ತಿದ್ದರೆ ಸದ್ಯಕ್ಕೆ ಬೇಡ.

ಅಲರ್ಟ್ ಬಗ್ಗೆ ಒಂದು ಮಾತು. ಮೊದಲ ದಿನವೇ ಹಳೇ ಕೋಡ್ ಪೂರ್ತಿ ಸ್ಕ್ಯಾನ್ ಮಾಡಿ ಬಿಲ್ಡ್ ನಿಲ್ಲಿಸಬೇಡಿ. ತಾತ್ಕಾಲಿಕವಾಗಿ ಇಟ್ಟ ಡೇಟಾದ ಹೆಸರಿಗೆ (ಕ್ಯಾಶ್ ಕೀ) ಎಂಡಿ5 ಅನ್ನುವ ಹಳೇ ಹ್ಯಾಶ್ ಬಳಸಿದ್ದಕ್ಕೂ ಟೂಲ್ "ದುರ್ಬಲ ಹ್ಯಾಶ್" ಅಂತ ಕೂಗುತ್ತದೆ. ಇಂಥವು ಮುನ್ನೂರು ಬಂದರೆ ತೋಳ ಬಂತು ತೋಳ ಕಥೆಯೇ, ಎರಡನೇ ವಾರಕ್ಕೆ ಯಾರೂ ತೆಗೆದು ನೋಡಲ್ಲ. ಹೊಸದಾಗಿ ಬದಲಾದ ಸಾಲುಗಳಿಗೆ ಮಾತ್ರ ಹಾಕಿ, ಹತ್ತು ಹದಿನೈದು ರೂಲ್‌ಗಳಿಂದ ಶುರು ಮಾಡಿ. ಹಳೆಯದನ್ನು ಪ್ರತಿ ಸ್ಪ್ರಿಂಟ್‌ಗೆ ಸ್ವಲ್ಪ ಸ್ವಲ್ಪ ತೆಗೆಯಿರಿ.

ಇಷ್ಟೆಲ್ಲ ಮಾಡುವ ಮೊದಲು ಕ್ಲೈಂಟ್‌ಗೆ ಒಂದು ಮೇಲ್ ಹಾಕಿ, ಅವರಿಗೆ ಬೇಕಾದದ್ದು ಟೂಲ್ ರಿಪೋರ್ಟಾ ಅಥವಾ ಸರ್ಟ್-ಇನ್ (ಕೇಂದ್ರ ಸರ್ಕಾರದ ಸೈಬರ್ ಸೆಕ್ಯುರಿಟಿ ಸಂಸ್ಥೆ) ಎಂಪ್ಯಾನಲ್ ಮಾಡಿದ, ಅಂದರೆ ತನ್ನ ಪಟ್ಟಿಗೆ ಸೇರಿಸಿದ ಆಡಿಟರ್ ಕೊಡುವ ಪತ್ರವಾ ಅಂತ. ಸರ್ಕಾರಿ ಕೆಲಸ ಆಗಿದ್ದರೆ ಸಾಮಾನ್ಯವಾಗಿ ಎರಡನೆಯದು. ಅದಕ್ಕೆ ಝ್ಯಾಪ್‌ನ ಪಿಡಿಎಫ್ ಕಳಿಸಿದರೆ ವಾಪಸ್ ಬರುತ್ತದೆ, ಬಜೆಟ್ ಲೆಕ್ಕವೂ ಬೇರೆ. ಅವರು ಏನಂದರು ಅಂತ ಇಲ್ಲೇ ಕಾಮೆಂಟ್‌ನಲ್ಲಿ ಬರೆಯಿರಿ. ಸೆಮ್‌ಗ್ರೆಪ್ ರೂಲ್ ಬೇಕಿದ್ದರೆ ಆಗಲೇ ಹಾಕ್ತೀನಿ.