ಡಿಜಿಟಲ್ ಇರುವಾಗ ಫಿಲ್ಮ್ ಕ್ಯಾಮೆರಾಗೆ ದುಡ್ಡು ಹಾಕಬೇಕಾ?

ನಿಮ್ಮ ಹತ್ತಿರ ನಿಕಾನ್ ಡಿ90 ಡಿಜಿಟಲ್ ಕ್ಯಾಮೆರಾ ಇದೆ, ಬೀರುವಿನಲ್ಲಿ ಚಿಕ್ಕಪ್ಪನ ಹಳೇ ನಿಕಾನ್ ಎಫ್‌ಎಂ10 ಫಿಲ್ಮ್ ಕ್ಯಾಮೆರಾ ಸಿಕ್ಕಿದೆ, ಅದಕ್ಕೆ ರೀಲು ಹಾಕಿದರೆ ದುಡ್ಡು ದಂಡನಾ ಅಂತ ಕೇಳಿದ್ದೀರಿ. ಒಳ್ಳೆ ಫೋಟೋ ಬಂದರೆ ಸಾಕು ಅನ್ನೋದಾದರೆ ದಂಡವೇ, ಡಿ90 ಧಾರಾಳ ಸಾಕು. ಫೋಟೋ ತೆಗೆಯುವ ಕೆಲಸವೇ ಇಷ್ಟ ಅನ್ನೋದಾದರೆ ಖಂಡಿತ ಹಾಕಿ. ನಾನು ಚಿತ್ರದುರ್ಗದವನು, ಎರಡನ್ನೂ ಬಳಸುತ್ತೇನೆ.

ಎರಡರ ವ್ಯತ್ಯಾಸ ನಮ್ಮೂರ ಕೋಟೆಯಲ್ಲಿ ಚೆನ್ನಾಗಿ ಗೊತ್ತಾಗುತ್ತದೆ. ಬೆಳಗ್ಗೆ ಹತ್ತು ದಾಟಿತೆಂದರೆ ಬಂಡೆಗಳ ಮೇಲೆ ರಣಬಿಸಿಲು, ಸಂದುಗಳಲ್ಲಿ ಕತ್ತಲು. ಓಬವ್ವನ ಕಿಂಡಿ ಹತ್ತಿರ ನಿಂತರೆ ಎರಡೂ ಒಂದೇ ಫ್ರೇಮಿನಲ್ಲಿ ಸಿಗುತ್ತವೆ. ಕಿಂಡಿಯ ಒಳಗಿನ ಕಲ್ಲು ಕಾಣಲಿ ಅಂತ ಡಿಜಿಟಲ್‌ನಲ್ಲಿ ಬೆಳಕು ಜಾಸ್ತಿ ಕೊಟ್ಟಿರೋ, ಮೇಲಿನ ಬಂಡೆ ಸುಣ್ಣ ಬಳಿದ ಹಾಗೆ ಆಗುತ್ತದೆ. ಪೂರ್ತಿ ಬೆಳ್ಳಗಾದ ಜಾಗವನ್ನು ಯಾವ ಸಾಫ್ಟ್‌ವೇರ್ ಕೂಡ ವಾಪಸ್ ತರಲ್ಲ. ಅದಕ್ಕೆ ಕ್ಯಾಮೆರಾದ ಬೆಳಕಳೆಯುವ ಮೀಟರನ್ನು ಬಿಸಿಲಿಗೆ ಹಿಡಿದು, ರಾ ಫೈಲ್‌ನಲ್ಲಿ (ಸೆನ್ಸರ್ ಕಂಡದ್ದನ್ನೆಲ್ಲ ಉಳಿಸಿಕೊಳ್ಳುವ ಫೈಲ್) ತೆಗೆದು, ನೆರಳನ್ನು ಆಮೇಲೆ ಕಂಪ್ಯೂಟರ್‌ನಲ್ಲಿ ಬೆಳಗಿಸಬೇಕು.

ನೆಗೆಟಿವ್ ಫಿಲ್ಮ್ ಇದಕ್ಕೆ ಉಲ್ಟಾ. ಒಂದೆರಡು ಸ್ಟಾಪ್ (ಒಂದು ಸ್ಟಾಪ್ ಅಂದರೆ ಬೆಳಕು ಎರಡರಷ್ಟು) ಜಾಸ್ತಿ ಬೆಳಕು ಬಿದ್ದರೂ ತಡೆದುಕೊಳ್ಳುತ್ತದೆ. ಕಡಿಮೆ ಬಿದ್ದರೆ ಮಾತ್ರ ನೆರಳಿನಲ್ಲಿ ಏನೂ ಉಳಿಯಲ್ಲ. ಹಾಗಾಗಿ ಇಲ್ಲಿ ನೆರಳಿಗೇ ಮೀಟರ್ ಹಿಡಿಯಬೇಕು. (ನೇರವಾಗಿ ಪಾಸಿಟಿವ್ ಚಿತ್ರ ಕೊಡುವ ಸ್ಲೈಡ್ ಫಿಲ್ಮ್ ಬೇರೆ ಜಾತಿ, ಅದರ ಗುಣ ಡಿಜಿಟಲ್‌ನದ್ದೇ.) ಅದೇ ಕಿಂಡಿ, ಆದರೆ ಕೈಯಲ್ಲಿರುವ ಕ್ಯಾಮೆರಾ ಬದಲಾದರೆ ಮೊದಲು ಎಲ್ಲಿ ನೋಡಬೇಕು ಅನ್ನೋದೇ ಬದಲಾಗುತ್ತದೆ. ನನಗೆ ಮಜಾ ಇರೋದು ಇದರಲ್ಲೇ.

ಒಂದು ರೀಲಿನಲ್ಲಿ 36 ಫೋಟೋ ಅಷ್ಟೇ ಇದ್ದರೆ ಯೋಚಿಸಿ ತೆಗೆಯುತ್ತೀವಿ ಅಂತ ಎಲ್ಲರೂ ಹೇಳುತ್ತಾರೆ. ನಾನು ಅಷ್ಟಾಗಿ ಒಪ್ಪಲ್ಲ. ಡಿಜಿಟಲ್‌ನಲ್ಲಿ ಯೋಚಿಸಬೇಡಿ ಅಂದವರು ಯಾರು?

ರೀಲು ತೊಳೆಯೋದು ಮಾತ್ರ ಫಿಲ್ಮ್‌ನಲ್ಲೇ ಸಿಗುವ ಖುಷಿ. ಕಲರ್ ರೀಲಿಗೆ ಕೆಮಿಕಲ್ ಸರಿಯಾಗಿ 38 ಡಿಗ್ರಿಯಲ್ಲಿರಬೇಕು, ಅದನ್ನು ಸುಮ್ನೆ ಲ್ಯಾಬಿಗೆ ಕೊಟ್ಟುಬಿಡಿ. ಕಪ್ಪು ಬಿಳುಪನ್ನು ಮನೆಯಲ್ಲೇ ಮಾಡಬಹುದು, 20 ಡಿಗ್ರಿ ಸಾಕು. ಆದರೆ ಏಪ್ರಿಲ್‌ನಲ್ಲಿ ದುರ್ಗದ ತಾರಸಿ ಟ್ಯಾಂಕಿನಿಂದ ಬರೋದು ಸ್ನಾನದ ನೀರು! ಡೆವಲಪರ್ (ಫಿಲ್ಮ್ ಮೇಲೆ ಚಿತ್ರ ಮೂಡಿಸುವ ಕೆಮಿಕಲ್) ಬಾಟಲಿಯನ್ನು ಐಸ್ ಹಾಕಿದ ಬಕೆಟ್‌ನಲ್ಲಿಟ್ಟು, ಥರ್ಮಾಮೀಟರ್ ನೋಡುತ್ತಾ ಕೂರಬೇಕು. ಇಲ್ಫರ್ಡ್ ಎಚ್‌ಪಿ5 ಪ್ಲಸ್ ರೀಲಿಗೆ ಡಿ-76 ಅನ್ನೋ ಡೆವಲಪರ್ ದ್ರಾವಣವನ್ನು ಮತ್ತೆ ನೀರು ಬೆರೆಸದೆ ಹಾಕಿದರೆ ಏಳೂವರೆ ನಿಮಿಷ. ಆಮೇಲೆ ಚಿತ್ರವನ್ನು ಗಟ್ಟಿ ಮಾಡುವ ಫಿಕ್ಸರ್ ಆಗಿ, ನೀರಲ್ಲಿ ತೊಳೆದು, ಒದ್ದೆ ಫಿಲ್ಮನ್ನು ಬೆಳಕಿಗೆ ಹಿಡಿಯಿರಿ. ನೆಗೆಟಿವ್ ಆದ್ದರಿಂದ ಎಲ್ಲ ಉಲ್ಟಾ, ಆಕಾಶ ಕಪ್ಪಗೆ, ಕಿಂಡಿ ತಿಳಿಯಾಗಿ ಕಾಣುತ್ತದೆ. ಆ ತಿಳಿ ಜಾಗದಲ್ಲಿ ಕಲ್ಲಿನ ಗೆರೆ ಸಣ್ಣಗೆ ಮೂಡಿದ್ದರೆ ನಿಮ್ಮ ಲೆಕ್ಕ ಸರಿ ಬಂದಿದೆ ಅಂತ.

ಹಾಗಂತ ದಾವಣಗೆರೆಯ ಬೆಣ್ಣೆ ದೋಸೆ ಹೋಟೆಲಿಗೆ ನಾನು ಫಿಲ್ಮ್ ಒಯ್ಯಲ್ಲ. ಒಲೆ ಹತ್ತಿರ ಹೊಗೆ, ಮಂದ ಬೆಳಕು, ಭಟ್ಟರ ಕೈ ಒಂದು ಕ್ಷಣ ನಿಲ್ಲಲ್ಲ. ಡಿಜಿಟಲ್‌ನಲ್ಲಿ ಐಎಸ್ಒ (ಬೆಳಕಿಗೆ ಸ್ಪಂದಿಸುವ ಮಟ್ಟ) 1600ಕ್ಕೆ ಏರಿಸಿ ತೆಗೆದು, ಹೊರಗೆ ಬಂದು 200ಕ್ಕೆ ಇಳಿಸಬಹುದು. ಫಿಲ್ಮ್‌ನಲ್ಲಿ ರೀಲು ಮುಗಿಯೋವರೆಗೂ ಒಂದೇ ಐಎಸ್ಒ.

ಎಫ್‌ಎಂ10ರ ಲೆನ್ಸ್ ನಿಮ್ಮ ಡಿ90ಗೂ ಕೂರುತ್ತದೆ. ಲೆನ್ಸ್ ಕೂರುವ ನಿಕಾನ್‌ನ ಎಫ್ ಮೌಂಟ್ 1959ರಿಂದ ಇರುವಂಥದ್ದು. ಆದರೆ ಡಿ90ಯಲ್ಲಿ ಆ ಲೆನ್ಸ್ ಹಾಕಿದಾಗ ಎಂ (ಮ್ಯಾನುವಲ್) ಮೋಡ್‌ನಲ್ಲೇ ತೆಗೆಯಬೇಕು, ಫೋಕಸ್ ಕೈಯಲ್ಲೇ ಮಾಡಬೇಕು, ಮೀಟರ್ ಕೆಲಸ ಮಾಡಲ್ಲ. ಎಫ್‌ಎಂ10ರಲ್ಲಿ ಬ್ಯಾಟರಿ ಬೇಕಿರೋದು ಮೀಟರಿಗೆ ಮಾತ್ರ, ಶಟರ್ ಅದಿಲ್ಲದೆಯೂ ಬೀಳುತ್ತದೆ. ಬೀರುವಿನಲ್ಲಿ ಇದ್ದದ್ದು ಅಲ್ವಾ, ಮೊದಲು ಲೆನ್ಸ್ ಒಳಗೆ ಬೂಷ್ಟು ಹಿಡಿದಿದೆಯಾ ಅಂತ ಟಾರ್ಚ್ ಹಾಕಿ ನೋಡಿ. ರೀಲು ಹಾಕಿದ ಮೇಲೆ ಸಡಿಲ ಇಲ್ಲದಂತೆ ಎಡಗಡೆಯ ರಿವೈಂಡ್ ಗುಂಡಿಯನ್ನು ಸ್ವಲ್ಪ ಬಿಗಿ ಮಾಡಿ. ಆಮೇಲೆ ಫಿಲ್ಮ್ ಮುಂದಕ್ಕೆ ತಳ್ಳುವ ಲಿವರ್ ಎಳೆಯುವಾಗ ಆ ಗುಂಡಿಯೂ ತಿರುಗಬೇಕು. ತಿರುಗದಿದ್ದರೆ ಫಿಲ್ಮ್ ಅದನ್ನು ಸುತ್ತಿಕೊಳ್ಳುವ ಸ್ಪೂಲಿಗೆ ಸಿಕ್ಕಿಲ್ಲ, ಬಿಚ್ಚಿ ಇನ್ನೊಮ್ಮೆ ಹಾಕಿ.