ಓದುಗರ ಪ್ರಶ್ನೆ: ಹೊಗೆಯಾಡುವ ಒಲೆ, ಬಾಣಂತಿ ಕೋಣೆಯ ಕೆಂಡ

ಪ್ರಶ್ನೆ: ಬೆಂಗಳೂರು ಬಿಟ್ಟು ಕಳೆದ ವರ್ಷ ನಮ್ಮ ಹಳೆಯ ಮನೆಗೆ ಬಂದೆವು. ಬೇಸಿಗೆಯಲ್ಲಿ ಚೆನ್ನಾಗಿ ಉರಿಯುತ್ತಿದ್ದ ಬಚ್ಚಲ ಒಲೆ ಮಳೆಗಾಲದಲ್ಲಿ ಬರೀ ಹೊಗೆ ಕಾರುತ್ತದೆ. ಒಂದು ಹಂಡೆ ನೀರು ಕಾಯಲು ಎರಡು ಗಂಟೆ ಹಿಡಿಯುತ್ತದೆ. ಒಲೆ ಒಡೆದು ಕಟ್ಟಿಸಬೇಕೇ?
– ಓದುಗರು, ಕಳಸ

ಉತ್ತರ: ಒಲೆಯನ್ನು ಮುಟ್ಟಬೇಡಿ. ಬೇಸಿಗೆಯಲ್ಲಿ ಉರಿದ ಒಲೆ ಮಳೆ ಬಂದ ಕೂಡಲೇ ಕೆಡುವುದಿಲ್ಲ, ದೋಷವಿರುವುದು ಸೌದೆಯಲ್ಲಿ. ಮರಗಸಿಯಲ್ಲಿ, ಅಂದರೆ ಕಾಫಿ ತೋಟದ ನೆರಳು ಮರಗಳನ್ನು ಸವರುವಾಗ, ಕಡಿದ ಕೊಂಬೆಗಳನ್ನು ಮೇ ತಿಂಗಳಲ್ಲಿ ತಂದು, ಸೀಳದೆ ಹಾಗೆಯೇ ಕೊಟ್ಟಿಗೆಗೆ ತುಂಬಿದಿರಲ್ಲವೇ? ಕೊಟ್ಟಿಗೆಹಾರದ ಬಳಿಯ ಈ ಮನೆಗೆ ಸೊಸೆಯಾಗಿ ಬಂದ ಮೊದಲ ವರ್ಷ ನಾನೂ ಅದನ್ನೇ ಮಾಡಿದೆ. ಆರಿದ್ರಾ ಮಳೆ ಹಿಡಿದ ಮೇಲೆ ಹದಿನೈದು ದಿನ ಬಿಸಿಲು ಕಾಣಲಿಲ್ಲ. ಅತ್ತೆಯವರು ಊದುಕೊಳವೆ ಹಿಡಿದು, ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತ ಗಂಜಿ ಬೇಯಿಸಿದರು. ಅವರ ಕೆಮ್ಮು ದೀಪಾವಳಿ ಕಳೆದರೂ ಬಿಡಲಿಲ್ಲ. ಅಂದಿನಿಂದ ನಮ್ಮ ಮನೆಯಲ್ಲಿ ಸೌದೆಯ ಲೆಕ್ಕ ನನ್ನದು.

ಹಸಿ ಮರದ ತೂಕದಲ್ಲಿ ಹೆಚ್ಚುಕಡಿಮೆ ಅರ್ಧ ನೀರೇ ಇರುತ್ತದೆ. ತಣ್ಣೀರನ್ನು ಕುದಿಸಲು ಬೇಕಾಗುವ ಶಾಖಕ್ಕಿಂತ, ಕುದಿಯುವ ಅದೇ ನೀರನ್ನು ಪೂರ್ತಿ ಆವಿಯಾಗಿಸಲು ಆರು ಪಟ್ಟಿಗೂ ಹೆಚ್ಚು ಶಾಖ ಬೇಕು. ಹಾಗಾಗಿ ಬೆಂಕಿಯ ಬಲ ಮೊದಲು ಸೌದೆಯೊಳಗಿನ ನೀರಿಗೆ ಸಲ್ಲುತ್ತದೆ, ಮಿಕ್ಕಿದ್ದಷ್ಟೇ ಹಂಡೆಗೆ. ನಮ್ಮ ಅಡುಗೆಮನೆಯಲ್ಲಿರುವುದು ಭಾರತೀಯ ವಿಜ್ಞಾನ ಸಂಸ್ಥೆಯವರು ರೂಪಿಸಿದ ಮೂರು ಪಾತ್ರೆಯ ಅಸ್ತ್ರ ಒಲೆ. ಕೆಳಗಿನಿಂದ ಗಾಳಿ ಬರಲು ಕಂಬಿಯ ಜಾಲರಿ, ಹೊಗೆ ಹೋಗಲು ಕೊಳವೆ ಎಲ್ಲವೂ ಇದೆ. ಹಸಿ ಹಾಲವಾಣ ಮರದ ಸೌದೆ ತುರುಕಿದರೆ ಅದೂ ಹೊಗೆಯಾಡುತ್ತದೆ.

ಕಾಫಿ ಕೊಯ್ಲು ಮುಗಿದೊಡನೆ, ಫೆಬ್ರವರಿಯಲ್ಲೇ ಕಡಿಸಿ ಸೀಳಿಸಿ. ಅಡುಗೆ ಒಲೆಗೆ ಮುಂಗೈ ಗಾತ್ರ, ಬಚ್ಚಲಿಗೆ ತೊಡೆ ಗಾತ್ರ. ಸೀಳದ ಮರ ಸಿಪ್ಪೆಯೊಳಗೆ ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ. ನೆಲಕ್ಕೆ ತಾಗದಂತೆ ಎರಡು ಅಡ್ಡ ಮರದ ಮೇಲೆ, ಗಾಳಿ ಆಡುವಂತೆ ಬಿಡಿಬಿಡಿಯಾಗಿ ಒಟ್ಟಿಸಿ, ಮೇಲೆ ಮಾತ್ರ ತಗಡು ಹಾಕಿ. ಸುತ್ತಲೂ ಪ್ಲಾಸ್ಟಿಕ್ ಹೊದಿಸಿದರೆ ಒಳಗೆ ಬೂಷ್ಟು ಹಿಡಿಯುತ್ತದೆ. ಒಣಗಿದ ಸೌದೆಯ ತುದಿಯಲ್ಲಿ ಬಿರುಕು ಬಿಟ್ಟಿರುತ್ತದೆ. ಎರಡನ್ನು ಬಡಿದರೆ ಟಣ್ ಎನ್ನಬೇಕು. ದಬ್ ಎಂದರೆ ಮತ್ತೆ ಬಿಸಿಲಿಗೆ.

ಸಿಲ್ವರ್ ಓಕ್ ಬೇಗ ಹೊತ್ತಿಕೊಂಡು ಬೇಗ ಮುಗಿಯುತ್ತದೆ. ಮತ್ತಿಯ ಕೆಂಡ ನಿಲ್ಲುತ್ತದೆ. ನನಗೆ ಎಲ್ಲಕ್ಕಿಂತ ಇಷ್ಟ ಕಿತ್ತು ಹಾಕಿದ ಹಳೆಯ ಕಾಫಿ ಗಿಡದ ಬುಡ. ಸೀಳುವಾಗ ಕೈ ನೋಯಿಸುತ್ತದೆ, ಆದರೆ ಉರಿ ಸ್ಥಿರ, ಕೆಂಡ ಗಟ್ಟಿ. ಹೊಳೆಗೇರನ್ನು ಮಾತ್ರ ಅಂಗಳಕ್ಕೂ ತರಬೇಡಿ. ಅದರ ಸೊನೆ ತಾಗಿದರೆ ಮೈ ಬೊಬ್ಬೆ ಏಳುತ್ತದೆ.

ಈ ವರ್ಷದ ಮಟ್ಟಿಗೆ, ನಾಳೆಯ ಸೌದೆಯನ್ನು ಇಂದೇ ಬಚ್ಚಲ ಒಲೆಯ ಪಕ್ಕ ಉರಿ ತಾಗದಷ್ಟು ದೂರದಲ್ಲಿ ನಿಲ್ಲಿಸಿ. ದಿನವೂ ಹೀಗೆ ಮಾಡಿದರೆ ಸುಧಾರಿಸಬಹುದು.

ಪ್ರಶ್ನೆ: ಬೆಳಿಗ್ಗೆ ಬಚ್ಚಲ ಒಲೆ ಹೊತ್ತಿಸುವುದಕ್ಕೇ ಅರ್ಧ ಗಂಟೆ ಬೇಕು. ಮಕ್ಕಳ ಶಾಲೆಯ ಬಸ್ ಏಳು ಗಂಟೆಗೆ. ಏನು ಮಾಡಲಿ?
– ಓದುಗರು, ಸಕಲೇಶಪುರ

ಉತ್ತರ: ಬೆಳಗಿನ ಬೆಂಕಿಯನ್ನು ಹಿಂದಿನ ರಾತ್ರಿಯೇ ಮಾಡಿಡಬೇಕು. ಎಲ್ಲರ ಊಟವಾದ ಮೇಲೆ ನಾನು ಒಂದು ದಪ್ಪ ಕೊರಡನ್ನು ಒಲೆಯ ಹಿಂಬದಿಗೆ ನೂಕಿ, ಕೆಂಡವನ್ನು ಅದರ ಬುಡಕ್ಕೆ ಗುಡ್ಡೆ ಮಾಡಿ, ಮೇಲೆ ಬೂದಿ ಮುಚ್ಚುತ್ತೇನೆ. ಬೆಳಿಗ್ಗೆ ಐದಕ್ಕೆ ಬೂದಿ ಸರಿಸಿದರೆ ಕೆಂಡ ಕೆಂಪಗೆ ಕಣ್ಣು ಬಿಡುತ್ತದೆ. ಒಂದು ಹಿಡಿ ದರಗು, ನಾಲ್ಕು ಪುರಳೆ, ಎರಡು ಊದು, ಅಷ್ಟೇ. ಹಂಡೆಯ ನೀರು ರಾತ್ರಿಯೆಲ್ಲ ಉಗುರುಬೆಚ್ಚಗಿದ್ದಿರುವುದರಿಂದ ಮಕ್ಕಳು ಏಳುವ ಹೊತ್ತಿಗೆ ಕಾದಿರುತ್ತದೆ. ಸೀಮೆಎಣ್ಣೆ ಸುರಿಯುವ ಅಭ್ಯಾಸವಿದ್ದರೆ ದಯವಿಟ್ಟು ಇಂದೇ ಬಿಡಿ. ಮಲಗುವ ಮುನ್ನ ಒಲೆಯ ಬಾಯಿಯ ಸುತ್ತ ಗುಡಿಸಿ, ತೆಂಗಿನ ಸಿಪ್ಪೆ, ಅಡಿಕೆ ಹಾಳೆ ಯಾವುದೂ ಹತ್ತಿರ ಇಲ್ಲವೆಂದು ನೋಡಿಕೊಳ್ಳಿ.

ಪ್ರಶ್ನೆ: ಮಗಳು ಬಾಣಂತನಕ್ಕೆ ಬಂದಿದ್ದಾಳೆ. ಚಳಿಗೆ ರಾತ್ರಿ ಕೋಣೆಯಲ್ಲಿ ಕೆಂಡದ ಅಗ್ಗಿಷ್ಟಿಕೆ ಇಟ್ಟು ಬಾಗಿಲು ಹಾಕಬಹುದೇ? ಹೊಗೆ ಇರುವುದಿಲ್ಲ.
– ಓದುಗರು, ಮೂಡಿಗೆರೆ

ಉತ್ತರ: ಬೇಡ, ಖಂಡಿತ ಬೇಡ. ಈ ಪತ್ರ ಓದಿ ನನ್ನ ಎದೆ ಧಸಕ್ಕೆಂದಿತು. ಹೊಗೆ ಇಲ್ಲದಿರುವುದೇ ಅಪಾಯ. ಕೆಂಡದಿಂದ ಕಾರ್ಬನ್ ಮೊನಾಕ್ಸೈಡ್ ಎಂಬ ಅನಿಲ ಬರುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತ ಆಮ್ಲಜನಕವನ್ನು ಒಯ್ಯದಂತೆ ಅದು ತಡೆಯುತ್ತದೆ. ನಿದ್ದೆಯಲ್ಲಿದ್ದವರಿಗೆ ಗೊತ್ತೇ ಆಗುವುದಿಲ್ಲ. ಚಳಿ ಹೆಚ್ಚಾದಷ್ಟೂ ನಾವು ಕಿಟಕಿಯ ಸಂದಿಗೂ ಬಟ್ಟೆ ತುರುಕುತ್ತೇವೆ, ಗಾಳಿ ಹೋಗಲು ದಾರಿಯೇ ಇರುವುದಿಲ್ಲ. ಬೆಚ್ಚಗೆ ಕಾಯಿಸಿದ ಬಟ್ಟೆ, ಕಂಬಳಿ ಸಾಕು. ಬಟ್ಟೆಯನ್ನು ಒಲೆಯ ಹತ್ತಿರದ ಹಗ್ಗದ ಮೇಲೆ ಒಣಗಿಸಿ ಕೋಣೆಗೆ ಒಯ್ಯಿರಿ. ಬಿಸಿನೀರಿನ ಚೀಲವನ್ನು ತಾಯಿಯ ಕಾಲ ಬಳಿ ಇಡಿ, ಮಗುವಿಗೆ ತಾಗಬಾರದು. ಮೈ ಕಾಯಿಸಲೇಬೇಕೆಂದರೆ ಸಂಜೆ ಬಾಗಿಲು ಕಿಟಕಿ ತೆರೆದಿಟ್ಟು, ಎಲ್ಲರೂ ಎಚ್ಚರವಿರುವಾಗ ಕಾಯಿಸಿ, ಅಗ್ಗಿಷ್ಟಿಕೆಯನ್ನು ಅಂಗಳಕ್ಕೆ ತಂದಿಟ್ಟ ಮೇಲೆಯೇ ಮಲಗಿ. ತಲೆನೋವು, ವಾಕರಿಕೆ, ತಲೆಸುತ್ತು ಕಂಡರೆ ತಾಯಿ ಮಗುವನ್ನು ಮೊದಲು ಹೊರಗಿನ ಗಾಳಿಗೆ ಕರೆತಂದು, ತಡಮಾಡದೆ ಆಸ್ಪತ್ರೆಗೆ ಹೋಗಿ. ಮಗು ಹೇಗಿದೆ ಎಂದು ನನಗೊಂದು ಕಾರ್ಡು ಬರೆಯಿರಿ.

ಪ್ರಶ್ನೆ: ಒಲೆಯ ಬೂದಿಯನ್ನು ಗಿಡಗಳಿಗೆ ಹಾಕಬಹುದೇ?
– ಓದುಗರು, ಬೇಲೂರು

ಉತ್ತರ: ಹಾಕಬಹುದು. ಅದರಲ್ಲಿ ಪೊಟ್ಯಾಷ್, ಸುಣ್ಣ ಎರಡೂ ಇವೆ, ತೆಂಗಿಗೆ ಒಳ್ಳೆಯದು. ಯೂರಿಯಾ ಜೊತೆ ಬೆರೆಸಬೇಡಿ, ಸಾರಜನಕ ಅಮೋನಿಯಾ ಆಗಿ ಹಾರಿಹೋಗುತ್ತದೆ. ಬಿಸಿ ಬೂದಿಯನ್ನು ಬಿದಿರಿನ ಬುಟ್ಟಿಗೆ ತುಂಬಬೇಡಿ. ತಗಡಿನ ಡಬ್ಬದಲ್ಲಿ ಎರಡು ದಿನ ಹೊರಗಿಟ್ಟು, ಪೂರ್ತಿ ಆರಿದೆಯೇ ಎಂದು ಕಡ್ಡಿಯಿಂದ ಕೆದಕಿ ನೋಡಿ, ಆಮೇಲೆ ಹಾಕಿ.